ನಾಮದೇವನ ಮಾಳಿಗೆ ದಾಟದ ಇಸಿಜಿ

ಜಿಲ್ಲೆಯ ನಿಸ್ತಂತು ಜಾಲವನ್ನು ಕಾಯುತ್ತಿರುವ ಮಾನ್ಯ ಅಧಿಕಾರಿಗಳೇ,

ನಮ್ಮೂರ ಆರೋಗ್ಯ ಉಪಕೇಂದ್ರದ ನರ್ಸ್ ಸರಿತಾ ಅವರಿಗೆ ನಿಮ್ಮ ಕಚೇರಿಯ ವರದಿಯನ್ನೇ ಆಧಾರ ಮಾಡಿಕೊಂಡು ಇಲಾಖೆ ನೋಟಿಸ್ ಕೊಟ್ಟಿದೆ. ಈ ಸಲದ ಎಳ್ಳ ಅಮಾವಾಸ್ಯೆಯ ಮಧ್ಯಾಹ್ನ ಎದೆನೋವೆಂದು ಬಂದ ರೋಗಿಯ ಇಸಿಜಿಯನ್ನು ಜಹೀರಾಬಾದಿನ ಆಸ್ಪತ್ರೆಗೆ ಕಳಿಸದೆ ಅವರು ಇಪ್ಪತ್ತೈದು ನಿಮಿಷ ಕಾಲಹರಣ ಮಾಡಿದರಂತೆ. ಆ ದಿನ ಜಾಲ ನೂರಕ್ಕೆ ನೂರು ಸುಸ್ಥಿತಿಯಲ್ಲಿತ್ತು ಎಂದು ನೀವು ಬರೆದುಕೊಟ್ಟಿದ್ದೀರಿ. ಆ ಬರಹ ಸುಳ್ಳು. ತಿಳಿದು ಬರೆದ ಸುಳ್ಳೋ, ತಿಳಿಯದೆ ಬರೆದದ್ದೋ ಎಂಬುದಷ್ಟೇ ನನಗೆ ಇನ್ನೂ ಖಚಿತವಿಲ್ಲ. ದಿನ ಕಳೆದಂತೆ ಅನುಮಾನ ಮೊದಲನೆಯದರ ಕಡೆಗೇ ವಾಲುತ್ತಿದೆ. ಇದೇ ವಿಷಯಕ್ಕೆ ತೆಲುಗಿನಲ್ಲಿ ಎರಡು, ಇಂಗ್ಲಿಷಿನಲ್ಲಿ ಒಂದು ಅರ್ಜಿ ಕಳಿಸಿದ್ದೆ. ಮೂರಕ್ಕೂ 'ಸಮಸ್ಯೆ ಪರಿಹಾರವಾಗಿದೆ' ಎಂಬ ಉತ್ತರ ಬಂದಿತು. ಆದ್ದರಿಂದ ಈಗ ಕನ್ನಡದಲ್ಲಿ, ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ನೀವು ಓದದಿದ್ದರೂ ಈ ಗಡಿಸೀಮೆಯಲ್ಲಿ ನ್ಯಾಲ್ಕಲ್‌ನಿಂದ ಝರಾಸಂಗದವರೆಗೆ ಕನ್ನಡ ಮಾತಾಡುವ ನಮ್ಮ ಜನ ಓದುತ್ತಾರೆ.

ನಿಮ್ಮ ಜಾಲವನ್ನು ನೋಡದವರಿಗಾಗಿ ಎರಡು ಮಾತು. ಊರೂರಿನ ಕಂಬಗಳ ಮೇಲೆ, ಮಾಳಿಗೆಗಳ ಮೇಲೆ ಬಿಳಿಯ ಡಬ್ಬಿಗಳನ್ನು ಕೂರಿಸಿದ್ದಾರೆ. ತಂತಿಯಿಲ್ಲದೆ ಒಂದು ಡಬ್ಬಿ ತನಗೆ ಬಂದದ್ದನ್ನು ಪಕ್ಕದ ಡಬ್ಬಿಗೆ ಕೊಡುತ್ತದೆ, ಅದು ಮುಂದಿನದಕ್ಕೆ. ಹೀಗೆ ಕೈ ಬದಲಾಗುತ್ತ ಸುದ್ದಿ ಜಹೀರಾಬಾದ್ ಮುಟ್ಟಬೇಕು. ಒಂದು ದಾರಿ ಮುಚ್ಚಿದರೆ ಡಬ್ಬಿಗಳು ತಾವೇ ಇನ್ನೊಂದು ದಾರಿ ಹುಡುಕಿಕೊಳ್ಳುತ್ತವೆ ಎಂದು ಉದ್ಘಾಟನೆಯ ದಿನ ಬಣ್ಣದ ಕಾಗದ ಹಂಚಿದ್ದಿರಿ. ನಮ್ಮ ಉಪಕೇಂದ್ರದ ಡಬ್ಬಿಗೆ ಇರುವುದು ಎರಡು ದಾರಿ. ಒಂದು ನಾಮದೇವನ ಮಾಳಿಗೆಯ ಮೇಲಿನದು, ಇನ್ನೊಂದು ನೀರಿನ ಟಾಕಿಯ ಮೇಲಿನದು.

ಎಳ್ಳ ಅಮಾವಾಸ್ಯೆಯ ದಿನ ನಮ್ಮ ಕಡೆ ಊರಿನಲ್ಲಿ ಯಾರೂ ಇರುವುದಿಲ್ಲ ಎಂಬುದು ನಿಮಗೆ ಗೊತ್ತಿರಲಾರದು. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಎಡೆಯ ಅಡುಗೆಯನ್ನು ಚರಗವೆಂದು ಪೈರಿನ ಮೇಲೆ ಚೆಲ್ಲಿ, ಕಾಳು-ಸೊಪ್ಪಿನ ಬಜ್ಜಿ, ರೊಟ್ಟಿ ಉಂಡು ಹೊತ್ತು ಮುಳುಗುವಾಗ ಮರಳುತ್ತಾರೆ. ಅಂದು ಊರಲ್ಲಿ ಉಳಿದವರು ಡ್ಯೂಟಿಯ ಮೇಲಿದ್ದ ಸರಿತಾ ಮತ್ತು ಮೊಣಕಾಲು ನೋವಿನ ನಾನು. ಒಂದು ಗಂಟೆಯ ಸುಮಾರಿಗೆ ಆತ್ಮಾರಾಮನನ್ನು ಅವನ ಹೆಂಡತಿ ಭೂದೇವಿ ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಬಂದಳು. ಉಪಕೇಂದ್ರ ನನ್ನ ಮನೆಯ ಎದುರಿಗೇ ಇರುವುದರಿಂದ ನಾನೂ ಹೋಗಿ ಕೈ ಜೋಡಿಸಿದೆ. ಅಂಗಿ ಬೆವರಿನಿಂದ ಮೈಗೆ ಅಂಟಿತ್ತು, ಆದರೂ ಅವನ ಬಾಯಿ ಸುಮ್ಮನಿರಲಿಲ್ಲ.

"ಬಜ್ಜಿ ಜರಾ ಜಾಸ್ತಿ ಆಗ್ಯಾದ ತಂಗಿ, ಬ್ಯಾರೆ ಏನಿಲ್ಲ."

"ಮಾತಾಡಬ್ಯಾಡ್ರಿ ಅಣ್ಣ, ಸುಮ್ಮ ಮಲಕೋರಿ," ಎಂದು ಸರಿತಾ ಎದೆಗೆ ತಂತಿ ಹಚ್ಚಿ, ಇಸಿಜಿ ತೆಗೆದು, ನನ್ನ ಕಣ್ಣೆದುರಿಗೇ ಕಳಿಸುವ ಗುಂಡಿ ಒತ್ತಿದರು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಆಸ್ಪತ್ರೆಗೆ ಫೋನ್ ಮಾಡಿದರೆ ಡಾಕ್ಟರು, ಏನೂ ಬಂದಿಲ್ಲ, ಮತ್ತೆ ಕಳಿಸು ಎಂದರು. ಮತ್ತೆ ಕಳಿಸಿದರು. ಮೂರನೆಯ ಸಲವೂ ಅದೇ. ನಮ್ಮಲ್ಲಿ ಮೊಬೈಲ್ ಸಿಗ್ನಲ್ ಮಾತಿಗೆ ಸಾಕು, ಚಿತ್ರಕ್ಕೆ ಸಾಲದು. ಹಾಗೆಂದೇ ತಾನೆ ನಿಮ್ಮ ಜಾಲ ಬಂದದ್ದು? ಇಪ್ಪತ್ತೈದು ನಿಮಿಷವಾದ ಮೇಲೆ ಸರಿತಾ, "ಕಾಕಾ, ಇನ್ನ ಇದ್ರ ಮಾರಿ ನೋಡ್ಕೋತ ಕುಂತ್ರ ಮನಷಾ ಉಳಿಯಲ್ರಿ," ಎಂದು ರಸ್ತೆಯಲ್ಲಿ ಹೋಗುತ್ತಿದ್ದ ಜೀಪಿಗೆ ಅಡ್ಡ ನಿಂತು, ಆತ್ಮಾರಾಮನನ್ನು ಹತ್ತಿಸಿಕೊಂಡು ಹೊರಟರು. ಅವನು ಬದುಕಿದ್ದಾನೆ. ಮನೆಯಿಂದ ಹೊಲಕ್ಕೆ ನಡೆಯುವ ಶಕ್ತಿ ಮಾತ್ರ ಉಳಿದಿಲ್ಲ. ಡಾಕ್ಟರಿಗೆ ಮಾಡಿದ ಮೂರು ಫೋನುಗಳ ಸಮಯ ಸರಿತಾ ಅವರ ಮೊಬೈಲಿನಲ್ಲಿದೆ. ನೋಟಿಸಿನಲ್ಲಿ ಅವುಗಳ ಮಾತೇ ಇಲ್ಲ. ಯಾಕೆ?

ನನ್ನ ಎರಡನೆಯ ಅರ್ಜಿಯ ಮೇಲೆ ನಿಮ್ಮ ಇಂಜಿನಿಯರೊಬ್ಬರು ಬಂದರು. ಡಬ್ಬಿಯಲ್ಲಿ ಹಸಿರು ದೀಪ ಉರಿಯುತ್ತಿತ್ತು. ಅದರ ಫೋಟೋ ತೆಗೆದರು, ಛಾ ಕುಡಿದರು, ಹೊರಟರು. ಹಸಿರು ದೀಪ ಎಂದರೆ ಡಬ್ಬಿಗೆ ಕರೆಂಟಿದೆ ಎಂದರ್ಥ, ಸುದ್ದಿ ಊರು ಮುಟ್ಟುತ್ತಿದೆ ಎಂದಲ್ಲ. ಇದನ್ನು ನಿಮಗೆ ಒಬ್ಬ ನಿವೃತ್ತ ಅಂಚೆ ನೌಕರ ಹೇಳಿಕೊಡಬೇಕೇ?

ಕೊನೆಗೆ ಜಹೀರಾಬಾದಿನಲ್ಲಿ ಮನೆಮನೆಗೆ ಇಂಟರ್ನೆಟ್ ಕೊಡುವ ನಂದಕಿಶೋರನನ್ನು ನಾನೇ ಕರೆತಂದೆ. ಅವನು ಉಪಕೇಂದ್ರದಲ್ಲಿ ಕೂತು, ಕಳಿಸಿದ್ದು ಯಾವ ಯಾವ ಡಬ್ಬಿ ದಾಟಿ ಹೋಗುತ್ತದೆಂದು ನೋಡಿದ. ನಾಮದೇವನ ಮಾಳಿಗೆ ದಾಟಿ ಎಲ್ಲ ಸರಿಯಾಗಿ ಹೋಗುತ್ತಿತ್ತು. ನನಗೆ ಅಸಮಾಧಾನ. ನಿನ್ನದೂ ಹಸಿರು ದೀಪವೇ ಆಯಿತಲ್ಲಪ್ಪ ಎಂದೆ. ಅವನು ಬೇಸರಿಸದೆ, "ಆ ದಿನ ಊರಾಗ ಏನ್ ಬ್ಯಾರೆ ಇತ್ತು, ಅದ್ ಹೇಳ್ರಿ ಕಾಕಾ," ಎಂದ. ಊರಲ್ಲಿ ಜನವಿರಲಿಲ್ಲ, ಅಷ್ಟೇ ಎಂದೆ. ಅವನು ಎದ್ದು ಸೀದಾ ನಾಮದೇವನ ಮನೆಗೆ ನಡೆದ.

"ಹಬ್ಬದ ದಿನ ಮನಿ ಹ್ಯಾಂಗ ಬಿಟ್ಟ್ ಹೋಗಿದ್ರಿ ಅಣ್ಣಾ?"

"ಹ್ಯಾಂಗ ಅಂದ್ರ? ಕೀಲಿ ಹಾಕಿ, ಮೇನ್ ಬಂದ್ ಮಾಡಿ. ನಮ್ಮಪ್ಪ ಇದ್ದಾಗಿಂದ ಹಂಗೇ. ಖಾಲಿ ಮನ್ಯಾಗ ಕರೆಂಟ್ ಯಾಕ್ ಇಡಬೇಕ್ರಿ?"

ಅಲ್ಲಿತ್ತು ನೋಡಿ ಸಂಗತಿ. ನಮ್ಮ ಸೀಮೆಯಲ್ಲಿ ಇದು ನಾಮದೇವನೊಬ್ಬನ ಅಭ್ಯಾಸವಲ್ಲ. ಮನೆ ಬಿಡುವಾಗ ಮೇನ್ ಸ್ವಿಚ್ ಇಳಿಸದ ಹೆಂಗಸು ಅರ್ಧ ದಾರಿಯಿಂದ ಮರಳುತ್ತಾಳೆ. ನಾಮದೇವನ ಮಾಳಿಗೆಯ ಮೇಲೆ ಇರುವುದು ಎರಡು ವಸ್ತು. ಡಬ್ಬಿಗೆ ಒಳಗೊಂದು ಬ್ಯಾಟರಿಯಿದೆ. ಅಲ್ಲಿಂದ ಸುದ್ದಿಯನ್ನು ಮುಂದಕ್ಕೆ ಕಳಿಸುವ, ಜಹೀರಾಬಾದಿನ ಕಡೆಗೆ ಮುಖ ಮಾಡಿದ ಆಂಟೆನಾ ತಟ್ಟೆ ಮಾತ್ರ ಮನೆಯ ಕರೆಂಟಿನ ಮೇಲಿದೆ. ಮೇನ್ ಇಳಿಸಿದರೆ ತಟ್ಟೆ ಸಾಯುತ್ತದೆ, ಡಬ್ಬಿ ಹಸಿರಾಗಿಯೇ ಇರುತ್ತದೆ.

ನಂದಕಿಶೋರ ಮೇನ್ ಇಳಿಸಲು ಹೇಳಿ ಮತ್ತೆ ಉಪಕೇಂದ್ರಕ್ಕೆ ಓಡಿದ. ಈಗ ಪರದೆಯ ಮೇಲೆ ಎರಡೇ ಹೆಸರು, ಒಂದರ ಕೆಳಗೊಂದು. "ನೋಡ್ರಿ ಇದ್ರ ಹಣೆಬರಾ. ಉಪಕೇಂದ್ರ, ನಾಮದೇವ. ಉಪಕೇಂದ್ರ, ನಾಮದೇವ. ಮೂವತ್ತ್ ಸಲ ತಿರಗಿ ಸುಸ್ತಾಗಿ ಬಿದ್ದದ." ತಟ್ಟೆ ಸತ್ತಿತೆಂದು ನಾಮದೇವನ ಡಬ್ಬಿ ತನಗೆ ಬಂದದ್ದನ್ನು ಟಾಕಿಯ ದಾರಿ ಹಿಡಿಸಲು ಉಪಕೇಂದ್ರಕ್ಕೇ ಹಿಂದಿರುಗಿಸುತ್ತಿತ್ತು. ಅದು ಮಾಡಿದ್ದು ಸರಿ. ಉಪಕೇಂದ್ರದ ಡಬ್ಬಿ ಮಾತ್ರ ಮತ್ತೆ ನಾಮದೇವನಿಗೇ ಕೊಡುತ್ತಿತ್ತು. ಮೇನ್ ಎತ್ತಿದಾಗ ಎಲ್ಲ ಸರಿಹೋಯಿತು. ಮೂರು ಸಲ ಇಳಿಸಿ ಎತ್ತಿ ನೋಡಿದೆವು. ಮೂರು ಸಲವೂ ಅದೇ.

ನಾಮದೇವ ತಲೆಯ ಮೇಲೆ ಕೈ ಹೊತ್ತು ಕೂತ. ಅವನ ಹೆಂಡತಿ ಕೌಶಲ್ಯಾ ಕೂರಲಿಲ್ಲ. "ಡಬ್ಬಿ ಕುಂದ್ರಸಾಕ ಬಂದೋರು ಎರಡ್ ದಿನ ನಮ್ಮನ್ಯಾಗ ಉಂಡ್ ಹ್ವಾದ್ರು. ಮೇನ್ ಬಂದ್ ಮಾಡಬ್ಯಾಡ್ರಿ ಅಂತ ಒಬ್ಬನ ಬಾಯಿಗರೆ ಬಂತಾ? ಈಗ ನನ್ನ ಗಂಡಂದು ತಪ್ಪ ಅಂತೀರೇನ್ರಿ?" ಎಂದು ನಮ್ಮನ್ನೇ ಗದರಿದಳು. ಇಲ್ಲ, ಅವನ ತಪ್ಪಲ್ಲ.

ಹಾಗಾದರೆ ಉಪಕೇಂದ್ರದ ಡಬ್ಬಿ ಟಾಕಿಯ ದಾರಿಯನ್ನು ಯಾಕೆ ಹಿಡಿಯಲಿಲ್ಲ? ಅದರ ಪಾಸ್‌ವರ್ಡನ್ನು ನಿಮ್ಮವರು ಅದರ ಬೆನ್ನಿಗೇ ಅಂಟಿಸಿದ್ದರು. ನಂದಕಿಶೋರ ಒಳಗೆ ನೋಡಿದ. ಏನನ್ನೂ ಬದಲಿಸಲಿಲ್ಲ, ಫೋಟೋ ಮಾತ್ರ ತೆಗೆದುಕೊಂಡ. ರೋಗಿಗಳ ಕಡತಗಳೆಲ್ಲ ನಾಮದೇವನ ಮೂಲಕವೇ ಹೋಗಬೇಕೆಂದು ಯಾರೋ ಕೈಯಾರೆ ದಾರಿ ಕಟ್ಟಿಹಾಕಿದ್ದಾರೆ. ಹಾಗೆ ಕಟ್ಟಿದ ತಾರೀಕು ಉದ್ಘಾಟನೆಯ ಹಿಂದಿನ ದಿನದ್ದು. ನಿಮ್ಮ ನಿಯಂತ್ರಣ ಕೊಠಡಿ 'ಇದ್ದೀಯಾ?' ಎಂದು ಡಬ್ಬಿಗಳನ್ನು ವಿಚಾರಿಸುತ್ತದಲ್ಲ, ಆ ಮಾತಿಗೆ ಮಾತ್ರ ಯಾವ ಕಟ್ಟೂ ಇಲ್ಲ. ಅದು ಟಾಕಿಯ ಮೇಲಿಂದ ಸುಖವಾಗಿ ಓಡಾಡಿಕೊಂಡಿದೆ. ನಿಮ್ಮ ನೂರಕ್ಕೆ ನೂರು ಹುಟ್ಟಿದ್ದು ಹೀಗೆ.

ನನಗೊಂದು ಹಳೆಯ ಸಂಗತಿ ನೆನಪಿದೆ. ನಾನು ಟಪಾಲು ವಿಂಗಡಿಸುತ್ತಿದ್ದಾಗ ನಾರಾಯಣಖೇಡದ ಚೀಲ ಹನ್ನೊಂದು ದಿನ ತಾಂಡೂರಿನ ವ್ಯಾನು ಹತ್ತಿತು. ಮೇಲಧಿಕಾರಿಯೊಬ್ಬರ ಭೇಟಿಯ ದಿನಕ್ಕೆಂದು ಚೀಲದ ದಾರಿ ಬದಲಿಸಿದ ಆದೇಶವನ್ನು ಯಾರೂ ಹಿಂತೆಗೆದುಕೊಂಡಿರಲಿಲ್ಲ. ಸಿರ್ಗಾಪುರದ ಒಬ್ಬಾತನ ನೌಕರಿಯ ಕರೆ ಆ ಚೀಲದಲ್ಲಿತ್ತು. ಆಗ ನೋಟಿಸ್ ಬಂದದ್ದು ಚೀಲ ಕಟ್ಟಿದ ಆಳಿಗೆ. ಆದ್ದರಿಂದ ಇದು ಬರೀ ಮರೆವು ಎಂದು ನಂಬಲು ನಾನು ಸಿದ್ಧನಿದ್ದೆ. ಉದ್ಘಾಟನೆಯ ದಿನ ಉಪಕೇಂದ್ರದಿಂದ ಕಳಿಸಿ ವೇದಿಕೆಯ ಮೇಲೆ ತೋರಿಸುವ ಚಿತ್ರ ತುಂಡಾಗದಿರಲೆಂದು ದಾರಿ ಕಟ್ಟಿರಬಹುದು, ಬಿಚ್ಚಲು ಮರೆತಿರಬಹುದು.

ಆದರೆ ಮೂರನೆಯ ಅರ್ಜಿಗೆ ಈ ಫೋಟೋಗಳನ್ನೆಲ್ಲ ಲಗತ್ತಿಸಿದ್ದೆನಲ್ಲ? ಅದು ತಲುಪಿದ ಮರುದಿನವೇ ಉಪಕೇಂದ್ರದ ಡಬ್ಬಿಯ ಪಾಸ್‌ವರ್ಡ್ ಬದಲಾಯಿತು. ದಾರಿ ಬಿಚ್ಚಿದ್ದಾರೆಯೇ ಎಂದು ನಾಮದೇವನ ಮೇನ್ ಇಳಿಸಿ ನೋಡಿದೆವು. ಬಿಚ್ಚಿಲ್ಲ. ತಪ್ಪನ್ನು ಸರಿಪಡಿಸಲು ಪುರುಸೊತ್ತಿಲ್ಲದ ಕಚೇರಿಗೆ ಬೀಗ ಬದಲಿಸಲು ಪುರುಸೊತ್ತು ಎಲ್ಲಿಂದ ಬಂತು? ಇನ್ನೊಂದು ಮಾತು. ಏನು ಬಂತು, ಏನು ಹೋಯಿತು ಎಂದು ಡಬ್ಬಿಗಳು ಬರೆದಿಡುವ ದಿನಚರಿಯನ್ನು ನೀವು ನಲವತ್ತೈದು ದಿನ ಇಟ್ಟುಕೊಂಡು ಆಮೇಲೆ ಅಳಿಸುತ್ತೀರೆಂದು ನಿಮ್ಮದೇ ನಿಯಮಾವಳಿ ಹೇಳುತ್ತದೆ. ಸರಿತಾ ಅವರ ವಿಚಾರಣೆ ಗೊತ್ತಾಗಿರುವುದು ಎಳ್ಳ ಅಮಾವಾಸ್ಯೆಯಿಂದ ಲೆಕ್ಕ ಹಾಕಿದರೆ ಐವತ್ತನೆಯ ದಿನಕ್ಕೆ. ಈ ಐದು ದಿನದ ಅಂತರವನ್ನು ಆರಿಸಿದವರು ಯಾರು?

ಹದಿನಾಲ್ಕು ವರ್ಷದಿಂದ ನಮ್ಮೂರ ಬಾಣಂತಿಯರನ್ನು ನೋಡಿಕೊಂಡ ಹೆಣ್ಣುಮಗಳು ಕೆಲಸ ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದಾಳೆ. ನನಗೆ ವಿವರಣೆ ಬೇಕಾಗಿಲ್ಲ, ವಿಷಾದವೂ ಬೇಕಾಗಿಲ್ಲ. ಬರುವ ಗುರುವಾರ ನಲವತ್ತೈದನೆಯ ದಿನ. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ನಾನು, ನಂದಕಿಶೋರ, ಆತ್ಮಾರಾಮನ ಭೂದೇವಿ ನಿಮ್ಮ ಕಚೇರಿಗೆ ಬರುತ್ತೇವೆ. ಉಪಕೇಂದ್ರದ ಡಬ್ಬಿಯ ಎಳ್ಳ ಅಮಾವಾಸ್ಯೆಯ ಮಧ್ಯಾಹ್ನದ ದಿನಚರಿಯನ್ನು ನಮ್ಮೆದುರು ತೆಗೆದು, ಮುದ್ರಿಸಿ, ಮೊಹರು ಹಾಕಿ ಕೊಡಬೇಕು. ಸರಿತಾ ಕಳಿಸಿದ ಇಸಿಜಿಯ ಗುರುತು ಅದರಲ್ಲಿ ಇಲ್ಲದಿದ್ದರೆ ಇದೇ ಪತ್ರಿಕೆಯಲ್ಲಿ ನಿಮ್ಮ ಕ್ಷಮೆ ಕೇಳುತ್ತೇನೆ. ಇದ್ದರೆ, ನಿಮ್ಮ ವರದಿ ತಪ್ಪೆಂದು ಅಲ್ಲಿಯೇ ಬರೆದು ಸಹಿ ಹಾಕಬೇಕು. ಪೆನ್ನು ನಾನೇ ತರುತ್ತೇನೆ.

ಇಂತಿ,
ನಿಮ್ಮ ಜಾಲದೊಳಗೇ ವಾಸವಿದ್ದೂ ಕಾಗದದ ಮೇಲೆ ಬರೆಯಬೇಕಾಗಿ ಬಂದ
ರಾಮಚಂದ್ರ
ನ್ಯಾಲ್ಕಲ್ ಮಂಡಲ