ಮಾಳಿಗೆ ಹತ್ತಿದ ಬಕೆಟ್ಟು

ಸೂರಜಣ್ಣಾ, ಬಾಯಲ್ಲಿ ಹೇಳಿದ್ದು ನಿನ್ನ ತಲೆಗೆ ಹೋಗುವುದಿಲ್ಲ. ಅದಕ್ಕೇ ಅಜ್ಜಿಯಂತೆ ಕಥೆ ಮಾಡಿ ಬರೆದಿಟ್ಟಿದ್ದೇನೆ.

ನಾಚಾರಂನಲ್ಲಿ ಒಬ್ಬಳು ತಂಗಿ ಇದ್ದಳು. ಅವಳಿಗೆ ಹಿತ್ತಲಲ್ಲಿ ಐದು ಕೋಳಿ, ಮನೆಯೊಳಗೆ ಅವಕ್ಕಿಂತ ಕಡಿಮೆ ಬುದ್ಧಿಯ ಒಬ್ಬ ಅಣ್ಣ. ಜೋಳ, ನುಚ್ಚು ಬಕೆಟ್ಟಿನಲ್ಲಿ ನೆನೆಹಾಕಿ, ಹುಳಿ ಬರಿಸಿ ಕೋಳಿಗೆ ಹಾಕುತ್ತಿದ್ದಳು. ಥಂಡಿಯಲ್ಲಿ ಹುಳಿ ಬರಲು ನಾಲ್ಕು ದಿನ ಬೇಕು, ಬಕೆಟ್ಟು ಒಲೆಯ ಪಕ್ಕವೇ ಇರಬೇಕು. ತಂಗಿ ಕಲಬುರಗಿಗೆ ಹೋದಾಗ ಅಣ್ಣ, "ನಾತ ಹೊಡ್ಯಾಕತ್ತೈತಿ" ಎಂದು ಅದನ್ನು ಮಾಳಿಗೆಗೆ ಸಾಗಿಸಿದ. ಕಾಳಿನ ಮೇಲೆ ಕಪ್ಪು ಬೂಷ್ಟು ಬಂತು. ಅದನ್ನೇ ಸೌಟಿನಿಂದ ಕಲಸಿ ಹಾಕಿದ. ಮೂರು ಕೋಳಿ ಸತ್ತವು. "ಥಂಡಿಗೆ ಸತ್ತಾವು, ನಾ ಏನ್ ಮಾಡ್ಲಿ?" ಎಂದ. ಮರಳಿ ಬಂದ ತಂಗಿ ಸೌಟಿಗಂಟಿದ ಕಪ್ಪು ನೋಡಿದಳು.

ಅದೇ ಅಣ್ಣ ಭಕ್ತಿ ಎಂಬ ಹುಡುಗಿಗೆ ಫೋನಿನಲ್ಲಿ, "ಐದೂ ಕೋಳಿ ಮಕ್ಕಳಂಗ ನಾನೇ ಸಾಕೀನಿ" ಎಂದಿದ್ದ. ಮದುವೆಗೆ ಒಪ್ಪುವ ಮೊದಲು ಅವನನ್ನೂ ಕೋಳಿಗಳನ್ನೂ ನೋಡಲು ಅವಳು ಇವತ್ತು ಬರುತ್ತಿದ್ದಾಳೆ. ಕರೆತರಲು ತಂಗಿ ಕಾಚಿಗೂಡ ಸ್ಟೇಷನ್ನಿಗೆ ಹೊರಟಿದ್ದಾಳೆ. ಬರುವಾಗ ಆಟೋದಲ್ಲಿ ಅರ್ಧ ಗಂಟೆ. ಕಥೆಗೆ ಅಷ್ಟು ಸಾಕು.

ಉಳಿದ ಎರಡಕ್ಕೆ ಒಂದೊಂದು ಹಿಡಿ ಕಾಳು, ಬೆಚ್ಚನೆಯ ನೀರು ಬೆರೆಸಿ ಈಗಲೇ ಹಾಕು. ತಿಂದು ಬಿಟ್ಟದ್ದನ್ನು ಎತ್ತಿ ಚೆಲ್ಲು.

ಹಾಕಿದರೆ ತಂಗಿ ಬಾಯಿ ಮುಚ್ಚಿಕೊಂಡಿರುತ್ತಾಳೆ ಅಂದುಕೊಳ್ಳಬೇಡ. ಹೇಳಿಯೇ ಹೇಳುತ್ತಾಳೆ. ಕೋಳಿಗಳು ಹಸಿದಿರಬಾರದು ಅಂತ ಬರೆದೆ, ಅಷ್ಟೇ.

ನಿರೀಕ್ಷಾ