ಎದುರಿಗೆ ನಿಂತು ನುಂಗಿಸಿದ ಮಾತ್ರೆ

ಮಾರ್ಚ್ 4, ಬೆಳಿಗ್ಗೆ

ಸ್ಕೂಲ್ ಯೂನಿಫಾರಂ ಬಟ್ಟೆ ರಾಶಿ ಬಿದ್ದಿದೆ. ಮೆಷಿನ್ ತುಳಿಯಲು ಕೂತರೆ ಒಳಗಿಂದ ಸೊಸೆಯ ನರಳಾಟ. ಕಾಡಂಚಿನಲ್ಲಿ ಕರೆಂಟ್ ಲೈನ್ ಸರ್ವೆ ಮುಗಿಸಿ ಬಂದಾಗಿನಿಂದ ಚಳಿಜ್ವರ. ಬ್ಲಡ್ ಟೆಸ್ಟ್ ಆಯಿತು — ಮಲೇರಿಯಾ. ಮೂರು ದಿನದ ಮಾತ್ರೆ. ನುಂಗಿದ ಮೇಲೆ ಬಾಯಿ ತೆರೆಸಿ ನೋಡಿದೆ.

“ಅತ್ತೆ, ನೀವು ಪೊಲೀಸ್‌ಗೆ ಸೇರಬೇಕಿತ್ತು. ಕಳ್ಳರೆಲ್ಲ ತಾವಾಗೇ ಒಪ್ಕೋತಿದ್ರು.”

ನಗಿಸುವಷ್ಟು ತ್ರಾಣ ಇದೆಯಲ್ಲ, ಸಾಕು.

ಮಾರ್ಚ್ 8

ಅಂತೂ ಜ್ವರ ಬಿಟ್ಟಿತು. ಬಹಳ ಸತಾಯಿಸಿತು — ಮಾತ್ರೆ ಮುಗಿದ ಮೇಲೂ ಮೈ ಕಾದೇ ಇತ್ತು. ಇವತ್ತು ಎದ್ದು ಸ್ನಾನ ಮಾಡಿದಳು. ಹಡಗಿನಲ್ಲಿ ವೆಲ್ಡರ್ ಆಗಿರುವ ನನ್ನ ಮಗನಿಗೆ ಫೋನ್ ಮಾಡಿ ನನ್ನ ಮೇಲೆ ದೂರು. ಅವನ ನಗು ಈ ಕೋಣೆಗೂ ಕೇಳಿಸಿತು.

ಮಾರ್ಚ್ 27

ಮತ್ತೆ ನಡುಕ. ಎಷ್ಟು ಹೊದಿಸಿದರೂ ಹಲ್ಲು ಕಟಕಟ. ಆಮೇಲೆ ಕಾಡಿನ ಕಡೆ ತಲೆಯೂ ಹಾಕಿಲ್ಲ, ಆದರೂ ಅದೇ ರಿಪೋರ್ಟ್. ಕ್ಲಿನಿಕ್ ಡಾಕ್ಟರ್ ಕನ್ನಡಕದ ಮೇಲಿಂದ ನೋಡಿದರು.

“ಕೋರ್ಸ್ ಅರ್ಧಕ್ಕೆ ಬಿಟ್ರಾ? ಸ್ವಲ್ಪ ಹುಷಾರಾದ್ರೆ ಎಲ್ಲರೂ ಬಿಡ್ತೀರಿ.”

ಬಿಟ್ಟಿಲ್ಲ ಎಂದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಮತ್ತೆ ಅದೇ ಮಾತ್ರೆ.

ಸಂಜೆ ಮಗನ ಫೋನ್. “ಅಮ್ಮಾ, ಹೊಲಿಗೆ ಗಡಿಬಿಡೀಲಿ ಒಂದ್ಹೊತ್ತಿನ ಮಾತ್ರೆ ತಪ್ಪಿಹೋಯ್ತಾ? ನಿಜ ಹೇಳು.”

ಸೊಸೆ ಫೋನ್ ಕಿತ್ತುಕೊಂಡಳು. “ರೀ, ಅವರನ್ನ ಯಾಕೆ ಅಂತೀರಾ? ಎಲ್ಲಾ ನುಂಗಿದೀನಿ. ನನ್ನಾಣೆ.”

ಅಷ್ಟಕ್ಕೇ ಏದುಸಿರು.

ಮಾರ್ಚ್ 30, ಮಧ್ಯಾಹ್ನ

ದೊಡ್ಡಾಸ್ಪತ್ರೆ. ನನ್ನ ಗುರುತು ಸಿಗುತ್ತಿಲ್ಲ ಅವಳಿಗೆ. ಜ್ವರ ತಲೆಗೇರಿದೆ. ಡ್ರಿಪ್‌ನಲ್ಲಿ ಬೇರೆ ಔಷಧಿ ಹೋಗುತ್ತಿದೆ. ಇಲ್ಲಿನ ಲೇಡಿ ಡಾಕ್ಟರ್ ನನ್ನನ್ನು ಬೆಂಚಿನ ಮೇಲೆ ಕೂರಿಸಿ, ತಾವೂ ಕೂತರು.

“ನಿಮ್ಮ ತಪ್ಪಲ್ಲಮ್ಮ, ಅವರದ್ದೂ ಅಲ್ಲ. ಈ ಮಾತ್ರೆಗೆ ಈಗೀಗ ರೋಗಾಣು ಬಗ್ತಿಲ್ಲ. ಆ ಕಾಡಿನ ಕಡೆಯಿಂದ ಬಂದೋರಲ್ಲಿ ಆಗಲೇ ನೋಡಿದೀವಿ.”

“ಗೊತ್ತಿದ್ಮೇಲೆ ಮೊದಲೇ ಬೇರೆ ಕೊಡಬಹುದಿತ್ತಲ್ವಾ?”

ನನ್ನ ಕೈ ಹಿಡಿದುಕೊಂಡರು.

ಮಗನ ಹಡಗು ಇನ್ನೂ ನಡುನೀರಿನಲ್ಲಿ.

ಏಪ್ರಿಲ್ 1

ಹೋದಳು.

ಏಪ್ರಿಲ್ 9

ಮಗ ಬಂದಿದ್ದಾನೆ. ಮಾತು ಅಷ್ಟಕ್ಕಷ್ಟೇ. ಊಟ ಎಂದರೆ ಬೇಡ, ಕಾಫಿ ಎಂದರೆ ಬೇಡ. ಬಾಗಿಲ ಬಳಿಯಿಂದ ಅವಳ ಬೂಟು ತೆಗೆಯಲು ಹೋದೆ. “ಇರಲಿ ಬಿಡು” ಎಂದ.

ಲೇಡಿ ಡಾಕ್ಟರ್ ಹೇಳಿದ್ದನ್ನು ಹೇಳಿದೆ. ಗೋಡೆ ನೋಡುತ್ತಾ ಕೂತಿದ್ದ. ಕೇಳಿಸಿಕೊಂಡನೋ... ನಾನು ನೆಪ ಹೇಳುತ್ತಿದ್ದೇನೆ ಅಂದುಕೊಂಡನೋ.

ಏಪ್ರಿಲ್ 13

ಆರೋಗ್ಯ ಇಲಾಖೆಯಾಕೆ ಬಂದಿದ್ದರು, ವಿವರ ಕೇಳಲು. ಅವರದ್ದೂ ಅದೇ ಮಾತು — “ಮಾತ್ರೆ ಪೂರ್ತಿ ತಗೊಂಡಿದ್ರಾ?”

ನಾನು ತುಟಿ ಬಿಚ್ಚುವ ಮೊದಲೇ ಮಗ ಎದ್ದು ನಿಂತ. “ನಮ್ಮಮ್ಮ ಎದುರಿಗೆ ನಿಂತು ನುಂಗಿಸಿದಾರೆ. ಒಂದೂ ತಪ್ಪಿಲ್ಲ. ಹಾಗಂತ್ಲೇ ಬರ್ಕೊಳ್ಳಿ.”

ದನಿ ಒಡೆಯಿತು. ಆಕೆ ಹೋದ ಮೇಲೆ ನನ್ನ ಮಡಿಲಲ್ಲಿ ಮುಖ ಹುದುಗಿಸಿ, ಚಿಕ್ಕವನಿದ್ದಾಗ ಅಳುತ್ತಿದ್ದ ಹಾಗೆಯೇ ಅತ್ತ. ನಾನು ಬೆನ್ನು ಸವರುತ್ತಿದ್ದೆ. ನನಗೆ ಅಳು ಬರಲಿಲ್ಲ.

ಸಂಜೆ ಮೆಷಿನ್ ಮುಂದೆ ಕೂತೆ. ಕಣ್ಣು ಮಂಜು, ಸೂಜಿಗೆ ದಾರ ಹೋಗಲೊಲ್ಲದು. “ಬಾರೇ ಇಲ್ಲಿ, ಇದೊಂದು ಪೋಣಿಸಿಕೊಡು” ಎಂದು ಒಳಕೋಣೆಗೆ ಕೂಗಿಯೇ ಬಿಟ್ಟೆ.

ಮಗ ಬಂದ. ದಾರ ತೆಗೆದುಕೊಂಡ. ಅವನಿಗೂ ಸೂಜಿಯ ಕಣ್ಣು ಕಾಣಿಸಲಿಲ್ಲ.