ಪಾರ್ಕಿನಲ್ಲಿ ಉಲ್ಟಾ ಸುತ್ತು

ಶಂಕರಪುರಂ, ಭಾನುವಾರ

ಚಿರಂಜೀವಿ ತೇಜಸ್ವಿನಿಗೆ ನಿನ್ನ ಮಾವನ ಆಶೀರ್ವಾದ.

ಬಸವನಗುಡಿ ಪೂರ್ತಿ ಈಗ ನನ್ನ ಮಾತು ಕೇಳಿಯೇ ನಡೆಯುತ್ತೆ ಕಣಮ್ಮಾ.

ಅಧಿಕಾರ ಅನ್ನೋದು ಒಬ್ಬರ ಕುರ್ಚಿಯಲ್ಲಿರಲ್ಲ, ನಮ್ಮ ಅಭ್ಯಾಸಗಳಲ್ಲೇ ಹರಡಿರುತ್ತೆ, ನಿಂತಲ್ಲೇ ಎದುರಿಸಬಹುದು ಅಂತ ಕಾಲೇಜಿನ ಪಾಠ ಹೇಳಿದ್ದೆಯಲ್ಲ? ಹಳ್ಳಿ ಸ್ಕೂಲಿನವನಾದರೂ ಪರೀಕ್ಷೆ ಮಾಡಿದೆ. ಪಾರ್ಕಿನಲ್ಲಿ ಎಲ್ಲರೂ ಪ್ರದಕ್ಷಿಣೆ ಥರ ಒಂದೇ ಕಡೆಗೆ ಸುತ್ತುತ್ತಾರೆ. ನಾನು ಉಲ್ಟಾ ಹೊರಟೆ. ಬೋರ್ಡಿಲ್ಲ, ಪೊಲೀಸಿಲ್ಲ, ಆದರೂ ದಿನಾ ಜೊತೆಗೆ ನಡೆಯುವ ಸುಂದರಮ್ಮನವರೇ, "ಏನ್ರೀ ಬಚ್ಚಪ್ನೋರೇ, ತಲೆ ನೆಟ್ಟಗಿದ್ಯಾ?" ಅಂದರು. ನಿನ್ನ ಪಾಠ ನಿಜ. ಎದುರು ಬಂದ ಮುಖಗಳನ್ನೆಲ್ಲ ನೋಡಿದೆ, ಜೊತೆಗೆ ಮಾತ್ರ ಯಾರೂ ಉಳಿಯಲಿಲ್ಲ.

ಆದರೆ ಹಳೇ ಮನೆಯ ಓನರ್ ಅಡ್ವಾನ್ಸ್ ವಾಪಸ್ ಕೊಡಲ್ಲ ಅಂದಾಗ, ಅಧಿಕಾರ ಎಲ್ಲೂ ಹರಡಿರಲಿಲ್ಲ ಪುಟ್ಟಿ, ಪೂರ್ತಿ ಅವನ ಜೇಬಲ್ಲೇ ಇತ್ತು. ಒಬ್ಬನೇ ಹೋಗಿ ಎದುರಿಸಿದೆ, ಬಾಗಿಲು ಹಾಕಿಕೊಂಡ. ಇದಕ್ಕೆ ನಿಮ್ಮ ಮೇಷ್ಟ್ರು ಏನಂತಾರೆ, ಕೇಳಿ ನೋಡು.

ಶನಿವಾರ ಬಿಡುವಿದ್ದರೆ ಬಾ, ಇಬ್ಬರೂ ಹೋಗೋಣ. ನೀನು ಮಾತಾಡೋದು ಬೇಡ. ಪಕ್ಕದಲ್ಲಿ ನಿಂತರೆ ಸಾಕು.

ದಾರಿ ನೋಡುತ್ತಿರುವ,
ಬಚ್ಚಪ್ಪ ಮಾವ

ನಿಮ್ಮಮ್ಮನಿಗೆ ಅಡ್ವಾನ್ಸ್ ಐದು ಸಾವಿರ ಅಂದಿದ್ದೇನೆ. ಹೋಗಿರೋದು ಎಂಬತ್ತು ಸಾವಿರ.